ಲೆಕ್ಕಕ್ಕೆ ಬಾರದವರ ಲೆಕ್ಕ ಹಿಡಿಯಲು ಬನ್ನಿ

2007ರ ಆಗಸ್ಟ್ ತಿಂಗಳು. ದೇಶ ಸ್ವಾತಂತ್ರ್ಯದ ಅರವತ್ತು ವರ್ಷ ಪೂರೈಸಿದ ಸಡಗರದಲ್ಲಿತ್ತು. ಆರ್ಥಿಕ ಬೆಳವಣಿಗೆ ಶೇ 9ರ ಆಸುಪಾಸಿನಲ್ಲಿ ಓಡುತ್ತಿತ್ತು, ಷೇರುಪೇಟೆ ಏರುತ್ತಿತ್ತು, ಬೆಂಗಳೂರಿನ ಗಾಜಿನ ಕಟ್ಟಡಗಳನ್ನು ಜಗತ್ತೇ ಕೊಂಡಾಡುತ್ತಿತ್ತು. ಅದೇ ತಿಂಗಳು ದೆಹಲಿಯಲ್ಲಿ ಒಂದು ವರದಿ ಹೊರಬಿತ್ತು. 2004–05ರ ಅಂಕಿಅಂಶಗಳನ್ನು ಜಾಲಾಡಿ ನೋಡಿದರೆ ದೇಶದ ಶೇ 77ರಷ್ಟು ಮಂದಿ, ಅಂದರೆ 83 ಕೋಟಿ 60 ಲಕ್ಷ ಜನ, ತಲೆಗೆ ದಿನಕ್ಕೆ ಹೆಚ್ಚೆಂದರೆ 20 ರೂಪಾಯಿಯಲ್ಲಿ ಬದುಕು ದೂಡುತ್ತಿದ್ದಾರೆ ಎಂದು ಅದು ಹೇಳಿತು.

ಇಪ್ಪತ್ತು ರೂಪಾಯಿ! ಅನ್ನ, ಬಟ್ಟೆ, ಔಷಧಿ, ಬಸ್ ಚಾರ್ಜು, ಮಕ್ಕಳ ಪಟ್ಟಿ ಪುಸ್ತಕ, ಹಬ್ಬ, ಹೆರಿಗೆ, ತಿಥಿ, ಎಲ್ಲವೂ ಆ ಇಪ್ಪತ್ತು ರೂಪಾಯಿಯೊಳಗೆ.

ಈ ಮಾತು ಹೇಳಿದವರು ಯಾರು? ಬೀದಿಯಲ್ಲಿ ಬಾವುಟ ಹಿಡಿದು ನಿಂತವರಲ್ಲ, ವಿರೋಧ ಪಕ್ಷದ ಭಾಷಣಕಾರರೂ ಅಲ್ಲ. ಭಾರತ ಸರ್ಕಾರವೇ 2004ರಲ್ಲಿ ನೇಮಿಸಿದ್ದ ಅಸಂಘಟಿತ ವಲಯದ ಉದ್ಯಮಗಳ ರಾಷ್ಟ್ರೀಯ ಆಯೋಗ. ಅದರ ಅಧ್ಯಕ್ಷರು ಅರ್ಥಶಾಸ್ತ್ರಜ್ಞ ಅರ್ಜುನ್ ಸೇನ್‌ಗುಪ್ತ. ಯುವ ಗೆಳೆಯರೇ, ಈ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಪಠ್ಯಪುಸ್ತಕದ ಯಾವುದೋ ಮೂಲೆಯಲ್ಲಿ ಒಂದು ಸಮಿತಿಯ ಹೆಸರಾಗಿ ಓದಿ, ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದು ಮರೆತಿರಬಹುದು. ಮರೆಯಬಾರದ ಬದುಕು ಅದು.

1937ರಲ್ಲಿ ಹುಟ್ಟಿ, ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೂ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೂ ಪಾಠ ಹೇಳಿ, ಪ್ರಧಾನಿ ಇಂದಿರಾ ಗಾಂಧಿಯವರಿಗೆ ವಿಶೇಷ ಕಾರ್ಯದರ್ಶಿಯಾಗಿ ದುಡಿದು, ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಭಾರತದ ಪರವಾಗಿ ಕಾರ್ಯನಿರ್ವಾಹಕ ನಿರ್ದೇಶಕರ ಕುರ್ಚಿಯಲ್ಲಿ ಕುಳಿತು, ಬ್ರಸೆಲ್ಸ್‌ನಲ್ಲಿ ರಾಯಭಾರಿಯಾಗಿ, ಯೋಜನಾ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿ, ಅಧಿಕಾರದ ಎತ್ತರದ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದ ಮನುಷ್ಯ ಅವರು. 1980ರ ದಶಕದಲ್ಲಿ ಸಾರ್ವಜನಿಕ ಉದ್ದಿಮೆಗಳ ಸುಧಾರಣೆಗೆ ರಚಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ದೇಶದ ಅತಿ ದೊಡ್ಡ, ಅತಿ ಸಂಘಟಿತ ಕಾರ್ಖಾನೆಗಳ ಒಳಹೊರಗು ಬಲ್ಲವರು. ಇಷ್ಟಕ್ಕೇ ನಿಂತಿದ್ದರೂ ಅದೊಂದು ತುಂಬಿದ ಬದುಕೇ ಆಗುತ್ತಿತ್ತು.

ಅವರು ಅಲ್ಲಿಗೆ ನಿಲ್ಲಲಿಲ್ಲ. 1999ರಿಂದ ವಿಶ್ವಸಂಸ್ಥೆಯ ಸ್ವತಂತ್ರ ತಜ್ಞರಾಗಿ ಅಭಿವೃದ್ಧಿಯ ಹಕ್ಕಿನ ಬಗ್ಗೆ ಕೆಲಸ ಮಾಡಿದರು. ಅಭಿವೃದ್ಧಿ ಯಾರೋ ಕೊಡುವ ದಾನವಲ್ಲ, ಅದು ಮನುಷ್ಯನಾಗಿ ಹುಟ್ಟಿದವನ ಹಕ್ಕು. ಕಡುಬಡತನ ಮಾನವ ಹಕ್ಕಿನ ಪ್ರಶ್ನೆ ಎಂದು ವಾದಿಸಿದರು. ಆಮೇಲೆ, ಬೇರೆಯವರು ಪಿಂಚಣಿ ಎಣಿಸಿಕೊಂಡು ಕೂರುವ ಅರವತ್ತೇಳರ ವಯಸ್ಸಿನಲ್ಲಿ, ಪಿಂಚಣಿಯೇ ಇಲ್ಲದ ಕೋಟ್ಯಂತರ ಜನರ ಲೆಕ್ಕ ಹಿಡಿಯಲು ಕೂತರು. ಅರವತ್ತೇಳರಲ್ಲಿ! ನಮ್ಮ ವಯಸ್ಸೆಷ್ಟು? ಹತ್ತೊಂಬತ್ತು? ಇಪ್ಪತ್ತೊಂದು? ನಾವು ಯಾವುದಕ್ಕೆ ಕಾಯುತ್ತಿದ್ದೇವೆ?

ಲೆಕ್ಕ ಅಂದೆ. ಅದರಲ್ಲೇನಿದೆ ಎಂದು ಕೇಳುವವರಿದ್ದಾರೆ. ಎಲ್ಲವೂ ಇದೆ. ನಮ್ಮ ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಿಂದ ಮನೆ ಮನೆಗೆ ಹೋಗಿ ಜನರನ್ನು ಮಾತಾಡಿಸುತ್ತ ಬಂದಿದೆ. 2004–05ರ 61ನೇ ಸುತ್ತಿನಲ್ಲಿ ಕೂಲಿ, ಸಂಬಳಕ್ಕೆ ದುಡಿಯುವವರಿಗೆ ಕೆಲವು ನೇರ ಪ್ರಶ್ನೆಗಳನ್ನು ಹಾಕಿತ್ತು. ನಿಮಗೆ ಕೆಲಸದ ಕರಾರುಪತ್ರ ಇದೆಯೇ? ಸಂಬಳದ ರಜೆ ಸಿಗುತ್ತದೆಯೇ? ಪಿಎಫ್, ವೈದ್ಯಕೀಯ ನೆರವು, ಹೆರಿಗೆ ಸೌಲಭ್ಯ ಏನಾದರೂ ಉಂಟೇ? ಆ ಉತ್ತರಗಳನ್ನು ಸೇನ್‌ಗುಪ್ತ ಮತ್ತು ಅವರ ಜೊತೆಗಿದ್ದ ಕೆ.ಪಿ. ಕಣ್ಣನ್, ರವಿ ಶ್ರೀವಾಸ್ತವ ಮುಂತಾದ ವಿದ್ವಾಂಸರು ಕೂಡಿ ಕಳೆದು ನೋಡಿದರು. ಆಗ ದೇಶದಲ್ಲಿ ದುಡಿಯುವವರು ಸುಮಾರು 46 ಕೋಟಿ. ಅವರಲ್ಲಿ ಯಾವ ಭದ್ರತೆಯೂ ಇಲ್ಲದವರು ಸುಮಾರು 42 ಕೋಟಿ. ನೂರಕ್ಕೆ ತೊಂಬತ್ತೆರಡು!

ತೊಂಬತ್ತೆರಡು ಜನರನ್ನು ಅಂಚಿಗೆ ಸರಿಸಿ ಉಳಿದ ಎಂಟು ಜನರ ಬದುಕನ್ನೇ ದೇಶದ ಆರ್ಥಿಕತೆ ಎಂದು ನಾವು ಓದುತ್ತ ಬಂದಿದ್ದೇವೆ. ಪತ್ರಿಕೆಯ ವಾಣಿಜ್ಯ ಪುಟ ತೆರೆಯಿರಿ. ಷೇರು ಸೂಚ್ಯಂಕ ಇದೆ, ಚಿನ್ನದ ದರ ಇದೆ, ಡಾಲರಿನ ಬೆಲೆ ಇದೆ. ರಾಯಚೂರಿನಿಂದ, ಯಾದಗಿರಿಯಿಂದ ಗುಳೆ ಹೊರಟು ಬೆಂಗಳೂರಿನ ಗಾರೆ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಮಲಗುವ ಕುಟುಂಬದ ಈ ವಾರದ ಬಟವಾಡೆ ಎಷ್ಟೆಂದು ಯಾವ ಪುಟದಲ್ಲಿದೆ?

ವರದಿ ಇನ್ನೊಂದು ಸತ್ಯವನ್ನೂ ಎತ್ತಿ ತೋರಿತು, ನನ್ನ ಮಟ್ಟಿಗೆ ಇಪ್ಪತ್ತು ರೂಪಾಯಿಗಿಂತ ಹೆಚ್ಚು ನಿದ್ದೆ ಕೆಡಿಸುವ ಸತ್ಯ ಅದು. ದೊಡ್ಡ ಕಂಪನಿ, ದೊಡ್ಡ ಕಾರ್ಖಾನೆ ಬಂದರೆ ಭದ್ರ ನೌಕರಿ ತಾನಾಗಿಯೇ ಬರುತ್ತದೆ ಎಂದು ನಾವೆಲ್ಲ ನಂಬಿದ್ದೆವು. 1999–2000ರಿಂದ 2004–05ರವರೆಗೆ ಸಂಘಟಿತ ವಲಯದಲ್ಲಿ ಕೆಲಸಗಳು ಹೆಚ್ಚಿದ್ದು ನಿಜ. ಆದರೆ ಹೆಚ್ಚಿದ್ದೆಲ್ಲವೂ ಭದ್ರತೆಯಿಲ್ಲದ ಕೆಲಸ! ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವನು, ನೆಲ ಒರೆಸುವ ಹೌಸ್‌ಕೀಪಿಂಗ್ ಅಕ್ಕ, ಗುತ್ತಿಗೆ ಚಾಲಕ. ಒಂದೇ ಸೂರಿನಡಿ ಒಬ್ಬರಿಗೆ ಎಲ್ಲವೂ ಇದೆ, ಇನ್ನೊಬ್ಬರಿಗೆ ಏನೂ ಇಲ್ಲ. ನಿಮ್ಮ ಕಾಲೇಜಿನಲ್ಲಿ ಇದೇ ಪಾಠವನ್ನು ಹೇಳುವ ಅತಿಥಿ ಉಪನ್ಯಾಸಕರನ್ನು ಒಮ್ಮೆ ಕೇಳಿ ನೋಡಿ, ಮುಂದಿನ ವರ್ಷ ಅವರ ಕೆಲಸ ಉಳಿಯುವ ಖಾತರಿ ಇದೆಯೇ ಎಂದು. ಅಸಂಘಟಿತ ಬದುಕು ಎಲ್ಲೋ ದೂರದ ಕೊಳೆಗೇರಿಯಲ್ಲಿಲ್ಲ. ನಿಮ್ಮ ತರಗತಿಯ ಕರಿಹಲಗೆಯ ಮುಂದೆಯೇ ನಿಂತಿರಬಹುದು.

ಅಸಂಘಟಿತ ದುಡಿಮೆಯನ್ನು ಕಂಡು, ಎಣಿಸಿ ಓದುವ ಈ ವಿದ್ಯೆ ಹುಟ್ಟಿದ್ದು ಹೇಗೆ ಗೊತ್ತೇ? ಇಪ್ಪತ್ತರ ಹರೆಯದ ಒಬ್ಬ ತರುಣನಿಂದ. ಕೀತ್ ಹಾರ್ಟ್ ಎಂಬ ಇಂಗ್ಲೆಂಡಿನ ಹುಡುಗ, ಕೇಂಬ್ರಿಜ್‌ನಲ್ಲಿ ಮಾನವಶಾಸ್ತ್ರ ಓದುತ್ತಿದ್ದವನು, 1960ರ ದಶಕದಲ್ಲಿ ಘಾನಾ ದೇಶದ ರಾಜಧಾನಿ ಅಕ್ರಾಕ್ಕೆ ಹೋಗಿ ಅಲ್ಲಿನ ನಿಮಾ ಎಂಬ ಬಡವರ ಕೇರಿಯಲ್ಲಿ ನೆಲೆಸಿದ. ಉತ್ತರದ ಹಳ್ಳಿಗಳಿಂದ ಹೊಟ್ಟೆಪಾಡಿಗೆ ಬಂದ ಈ ಜನ ನಿರುದ್ಯೋಗಿಗಳು ಎಂದು ಪುಸ್ತಕಗಳು ಹೇಳುತ್ತಿದ್ದವು. ಹಾರ್ಟ್ ಕಂಡದ್ದೇ ಬೇರೆ. ಮಾರುವವರು, ಹೊಲಿಯುವವರು, ಸಾಲ ಕೊಡುವವರು, ಬಾಡಿಗೆಗೆ ಬಿಡುವವರು. ಒಬ್ಬನೇ ಮನುಷ್ಯ ಬೆಳಗಿನಿಂದ ರಾತ್ರಿಯವರೆಗೆ ಮೂರು ಕಸುಬು ಮಾಡುವುದು. ಅಲ್ಲಿ ಕೆಲಸವಿಲ್ಲದವರೇ ಕಡಿಮೆ. ಸರ್ಕಾರದ ಕಡತಕ್ಕೆ ಕಾಣುವ ಕೆಲಸ ಇರಲಿಲ್ಲ, ಅಷ್ಟೇ. 1971ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಸಮ್ಮೇಳನವೊಂದರಲ್ಲಿ ಅವನು ಅದನ್ನು ಮಂಡಿಸಿದ. ಮರುವರ್ಷವೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೀನ್ಯಾ ಕುರಿತ ತನ್ನ ವರದಿಯಲ್ಲಿ ಅದೇ ವಿಚಾರವನ್ನು ಬೆಳೆಸಿತು. ಅಲ್ಲಿಂದ ಜಗತ್ತಿನ ಅರ್ಥಶಾಸ್ತ್ರದ ನೋಟವೇ ಬದಲಾಯಿತು.

ನಮ್ಮಲ್ಲೂ ಅದೇ ಹೊತ್ತಿಗೆ ಒಬ್ಬ ಹೆಣ್ಣುಮಗಳು ಅದೇ ಗೋಡೆಯನ್ನು ಇನ್ನೊಂದು ಕಡೆಯಿಂದ ಕೆಡವುತ್ತಿದ್ದರು. 1972ರಲ್ಲಿ ಅಹಮದಾಬಾದ್‌ನ ವಕೀಲೆ ಇಳಾ ಭಟ್ ತಲೆಹೊರೆಯವರು, ತರಕಾರಿ ಮಾರುವವರು, ಮನೆಯಲ್ಲೇ ಕೂತು ಹೊಲಿಯುವವರನ್ನೆಲ್ಲ ಸೇರಿಸಿ ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದರು. ಇವರಿಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಹೋರಾಡುತ್ತಾರೆ, ಇದೆಂಥ ಕಾರ್ಮಿಕ ಸಂಘ ಎಂದು ಅಧಿಕಾರಿಗಳು ಆಕ್ಷೇಪಿಸಿದರು. ಸಂಘ ಇರುವುದು ಯಾರ ವಿರುದ್ಧವೂ ಅಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಎಂದು ವಾದಿಸಿ ಇಳಾ ಭಟ್ ಗೆದ್ದರು. ಎರಡು ವರ್ಷದ ಬಳಿಕ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಕಟ್ಟಿದರು. ಅವರಲ್ಲಿ ಎಷ್ಟೋ ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ನಾವು ಪದವಿ ಓದುತ್ತಿದ್ದೇವೆ!

ಈಗ ನಮ್ಮ ನೆಲಕ್ಕೆ ಬನ್ನಿ.

ದಕ್ಷಿಣ ಕನ್ನಡದ ಯಾವುದಾದರೂ ಹಳ್ಳಿಯ ಮನೆಯ ಜಗಲಿ. ಊಟದ ಪಾತ್ರೆ ತೊಳೆದಿಟ್ಟು ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾರೆ. ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ಅಚ್ಚನ್ನು ಎಲೆಯ ಮೇಲಿಟ್ಟು ಕತ್ತರಿಯಲ್ಲಿ ಕತ್ತರಿಸಿ, ಚಿಟಿಕೆ ಪುಡಿ ಹಾಕಿ, ಬೆರಳ ತುದಿಯಲ್ಲಿ ಉರುಳಿಸಿ, ತುದಿ ಮಡಚಿ, ನೂಲು ಸುತ್ತಿ ಎಳೆದರೆ ಒಂದು ಬೀಡಿ. ಇಪ್ಪತ್ತೈದಾದರೆ ಒಂದು ಕಟ್ಟು. ಸಾವಿರಕ್ಕೆ ಇಷ್ಟು ಅಂತ ಮಜೂರಿ. ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದಾಗ ಸರಿಯಿಲ್ಲವೆಂದು ಒಂದಿಷ್ಟನ್ನು ತೆಗೆದುಹಾಕಿದರೆ ಆ ದುಡಿಮೆ ಹೋಯಿತು. ದೂಳು ಮೂಗಿಗೆ, ಎದೆಗೆ. ಬೆನ್ನು ನೋವು ಸಂಜೆಯ ಜೊತೆಗಾರ. ಈ ಕಸುಬಿನ ಕಷ್ಟವನ್ನು ನಾನು ಬಣ್ಣ ಹಚ್ಚಿ ಹೇಳುವುದಿಲ್ಲ. ಹೊಗೆಸೊಪ್ಪಿನಿಂದ ಹೊರಬಂದು ಬೇರೆ ದುಡಿಮೆ ಸಿಗುವ ದಿನ ಬೇಗ ಬರಲಿ ಎಂದೇ ನನ್ನ ಆಸೆ.

ಆದರೆ ಒಂದು ಸಂಗತಿಯನ್ನು ಕಣ್ಣಿಟ್ಟು ನೋಡಿ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಎಂದು ಅದು ಒಪ್ಪಿತು. ಆ ಒಂದು ಒಪ್ಪಿಗೆಯ ಹಿಂದೆ ದುಡಿಮೆ ಬರೆದುಕೊಳ್ಳುವ ಪುಸ್ತಕ ಬಂತು, ಸಹಿ ಬಂತು, ಪಿಎಫ್ ಬಂತು. ಕರಾವಳಿಯ ಎಷ್ಟು ಮನೆಗಳಲ್ಲಿ ಅಮ್ಮನ ಬೀಡಿಯ ಪಿಎಫ್ ದುಡ್ಡು ಮಗಳ ಕಾಲೇಜು ಶುಲ್ಕವಾಗಿಲ್ಲ, ಮಗನ ಡಿಪ್ಲೊಮಾ ಆಗಿಲ್ಲ! ಹುಬ್ಬಳ್ಳಿಯ ಖಾನಾವಳಿಗೆ ದಿನವೂ ನೂರಾರು ಜೋಳದ ರೊಟ್ಟಿ ಬಡಿದು ಕೊಡುವ ಅವ್ವನ ಕೈಯಲ್ಲಿ ಅಂಥ ಪುಸ್ತಕ ಇದೆಯೇ? ಒಲೆಯ ಝಳ ಅವಳಿಗೂ ಇದೆ, ರಟ್ಟೆ ನೋವು ಅವಳಿಗೂ ಇದೆ, ಅವಳ ರೊಟ್ಟಿಯಿಲ್ಲದೆ ಊರಿಗೆ ಊಟವಿಲ್ಲ. ಇಬ್ಬರೂ ಮನೆಯಲ್ಲೇ ಕೂತು ದುಡಿಯುವವರು. ಇವಳ ದುಡಿಮೆಯನ್ನು ಯಾರೂ ಪುಸ್ತಕದಲ್ಲಿ ಬರೆದುಕೊಂಡಿಲ್ಲ. ಬರೆದುಕೊಳ್ಳದ ದುಡಿಮೆಗೆ ಹಕ್ಕು ಎಲ್ಲಿಂದ ಬರಬೇಕು?

ಬರೆಯಬೇಕು. ಎಣಿಸಬೇಕು. ನಾವೇ ಎಣಿಸಬೇಕು.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಂಥ ದೊಡ್ಡ ಸಂತೆಗಳ ಮುಂಜಾವನ್ನು ನೆನೆಯಿರಿ. ಸೊಪ್ಪು ಮಾರುವವರಿಗೆ, ಹೂ ಮಾರುವವರಿಗೆ ಬೆಳಗ್ಗೆ ಮಾಲು ಎತ್ತಲು ದುಡ್ಡು ಬೇಕು. ಕೊಡುವವನು ಸಾವಿರ ಎಂದು ಹೇಳಿ ನೂರು ಮೊದಲೇ ಮುರಿದುಕೊಂಡು ಒಂಬೈನೂರು ಕೈಗಿಡುತ್ತಾನೆ. ಸಂಜೆ ಸಾವಿರ ವಾಪಸ್ಸು ಕೊಡಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಗಳೇ, ಲೆಕ್ಕ ಹಾಕಿ. ಒಂದೇ ದಿನಕ್ಕೆ ನೂರಕ್ಕೆ ಹನ್ನೊಂದು ರೂಪಾಯಿ ಬಡ್ಡಿ! ದೊಡ್ಡ ಉದ್ಯಮಿಗೆ ಬ್ಯಾಂಕು ಇಡೀ ವರ್ಷಕ್ಕೆ ಹಾಕುವ ಬಡ್ಡಿಯನ್ನು ಈ ತಾಯಿ ಒಂದು ಹಗಲಿಗೆ ಕಟ್ಟುತ್ತಾಳೆ, ಕಟ್ಟಿಯೂ ಮರುದಿನ ಮತ್ತೆ ಬುಟ್ಟಿ ಹೊರುತ್ತಾಳೆ. ಇವಳಿಗೆ ವ್ಯವಹಾರ ಗೊತ್ತಿಲ್ಲವೆಂದು ಯಾರು ಹೇಳಿದ್ದು? ಈ ಮೀಟರ್ ಬಡ್ಡಿಯ ಹೊರೆ ಹೊತ್ತೂ ಮನೆ ನಡೆಸುವವಳ ಬುದ್ಧಿವಂತಿಕೆಗೆ ಸಮನಾದ ಪಾಠ ಯಾವ ವ್ಯವಹಾರ ಶಾಲೆಯಲ್ಲಿದೆ? ಇವಳ ರಕ್ಷಣೆಗೆ 2014ರಲ್ಲಿ ಬೀದಿ ವ್ಯಾಪಾರಿಗಳ ಕಾನೂನು ಬಂತು, 2020ರಲ್ಲಿ, ಆಗ ಹತ್ತು ಸಾವಿರ ರೂಪಾಯಿಯಿಂದ ಶುರುವಾಗುತ್ತಿದ್ದ ಸಾಲ ಯೋಜನೆ ಬಂತು. ಒಳ್ಳೆಯದೇ. ಆ ಸಾಲ ನಿಮ್ಮೂರ ಸಂತೆಯಲ್ಲಿ ಎಷ್ಟು ಜನರಿಗೆ ಮುಟ್ಟಿತು? ಮುಟ್ಟಿದವರು ಮೀಟರ್ ಬಡ್ಡಿಯಿಂದ ಬಿಡಿಸಿಕೊಂಡರೇ? ಇದನ್ನು ದೆಹಲಿಯವರು ಬಂದು ಹೇಳಬೇಕೇ? ನೀವು ಒಂದು ಭಾನುವಾರ ಸಂತೆಯಲ್ಲಿ ನಿಂತರೆ ತಿಳಿಯುವುದಿಲ್ಲವೇ?

ನಾನು ಹೇಳಬೇಕೆಂದಿರುವುದು ಇಷ್ಟೇ, ಮತ್ತೆ ಮತ್ತೆ ಇಷ್ಟೇ: ಈ ವಿದ್ಯೆಗೆ ನಿಮ್ಮಷ್ಟು ಹಕ್ಕುದಾರರು ಇನ್ನಾರೂ ಇಲ್ಲ. ನೀವು ಸರ್ಕಾರಿ ಪದವಿ ಕಾಲೇಜಿನ ಬೆಂಚಿನ ಮೇಲೆ ಕೂತಿರುವಾಗ ನಿಮ್ಮ ಅಪ್ಪ ಎಪಿಎಂಸಿ ಯಾರ್ಡಿನ ಹಮಾಲರಿರಬಹುದು, ಟಂಟಂ ಓಡಿಸುತ್ತಿರಬಹುದು, ಕಬ್ಬು ಕಡಿಯುವ ಗ್ಯಾಂಗಿನೊಡನೆ ವರ್ಷಕ್ಕೆ ಅರ್ಧ ಊರೂರು ತಿರುಗುತ್ತಿರಬಹುದು. ನಿಮ್ಮ ಅವ್ವ ಗಾರ್ಮೆಂಟ್ಸ್ ಬಸ್ಸಿಗೆ ನಸುಕಿನಲ್ಲೇ ಓಡುತ್ತಿರಬಹುದು, ನಾಲ್ಕು ಮನೆಯ ಮುಸುರೆ ತಿಕ್ಕುತ್ತಿರಬಹುದು. ಇಂಥ ಮನೆಯಿಂದ ಬಂದೆನೆಂದು ನೀವು ಹಿಂದಿನ ಬೆಂಚಿಗೆ ಸರಿಯುತ್ತೀರಿ. ಏಕೆ? ಮುಂಗಡ ಎಂದರೇನು, ಮೇಸ್ತ್ರಿಯ ಕಮಿಷನ್ ಎಷ್ಟು, ಮಳೆ ಬಂದ ದಿನ ಕೂಲಿ ಏನಾಗುತ್ತದೆ, ಚೀಟಿ ಎತ್ತುವುದು ಯಾವಾಗ, ಯಾರ ಅಂಗಡಿಯಲ್ಲಿ ಉದ್ರಿ ಸಿಗುತ್ತದೆ, ಯಾವ ಕಷ್ಟಕ್ಕೆ ಕಿವಿಯ ಓಲೆ ಒತ್ತೆ ಹೋಗುತ್ತದೆ, ಇವೆಲ್ಲ ನಿಮಗೆ ಅಂಗೈ ಗೆರೆಯಷ್ಟು ಗೊತ್ತು. ಡಾಕ್ಟರೇಟ್ ಪಡೆದು ಬರುವ ಸಂಶೋಧಕ ವರ್ಷಗಟ್ಟಲೆ ಅಲೆದರೂ ಕೇಳಲು ತೋಚದ ಪ್ರಶ್ನೆ ನಿಮ್ಮ ನಾಲಿಗೆಯ ಮೇಲಿದೆ. ಅವನಿಗೆ ಹೇಳದ ಉತ್ತರವನ್ನು ನಿಮ್ಮ ಸೋದರತ್ತೆ ನಿಮಗೆ ಹೇಳುತ್ತಾರೆ. ಆ ಜ್ಞಾನ ನಿಮ್ಮ ನಾಚಿಕೆಯಲ್ಲ. ನಿಮ್ಮ ಬಂಡವಾಳ.

ಸೇನ್‌ಗುಪ್ತರು ಮೇಲಿನಿಂದ ಕೆಳಗಿಳಿದು ನೋಡಿದರು. ನೀವು ಕೆಳಗಿನಿಂದ ಎದ್ದು ಹೇಳಬಲ್ಲವರು.

ಅವರ ಕೆಲಸ ಮುಗಿದಿಲ್ಲ ಎಂಬುದನ್ನೂ ಹೇಳಬೇಕು. 2006ರಲ್ಲೇ ಆಯೋಗ ಸರಳವಾದ ಒಂದು ದಾರಿ ಹೇಳಿತ್ತು. ಕಾರ್ಮಿಕ ದಿನಕ್ಕೆ ಒಂದು ರೂಪಾಯಿ ಹಾಕಲಿ, ಮಾಲೀಕ ಒಂದು ರೂಪಾಯಿ, ಸರ್ಕಾರ ಒಂದು ರೂಪಾಯಿ. ತೀರ ಬಡವರ ಪಾಲನ್ನು ಕೇಂದ್ರ ಸರ್ಕಾರವೇ ತುಂಬಲಿ. ದಿನಕ್ಕೆ ಮೂರು ರೂಪಾಯಿಯಲ್ಲಿ ಕಾಯಿಲೆಗೆ ವಿಮೆ, ಹೆರಿಗೆಗೆ ನೆರವು, ಸಾವಿಗೆ ಪರಿಹಾರ, ಮುಪ್ಪಿಗೆ ಆಸರೆ. ಯಾರಿಗೂ ತಪ್ಪದಂತೆ, ಹಕ್ಕಿನ ರೂಪದಲ್ಲಿ. ಅಂಕಿ ಸಂಖ್ಯೆಯ ಆ ರಾಶಿಯೊಳಗಿಂದ ಹೊರಟ ಎಂಥ ಮನುಷ್ಯತ್ವದ ಯೋಚನೆ ಅದು! 2008ರ ಕೊನೆಯಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾನೂನು ಬಂದೇ ಬಂತು. ಆದರೆ ಆಯೋಗ ಕೇಳಿದ್ದ ಆ ಖಾತರಿ ಅದರಲ್ಲಿರಲಿಲ್ಲ. ಇದ್ದ ಯೋಜನೆಗಳನ್ನು ಪಟ್ಟಿ ಮಾಡಿ ಕಾನೂನಿನ ಹಿಂದೆ ಲಗತ್ತಿಸಿದ್ದರು. 2009ರಲ್ಲಿ ಆಯೋಗದ ಅವಧಿ ಮುಗಿಯಿತು. 2010ರ ಸೆಪ್ಟೆಂಬರ್ 26ರಂದು ಸೇನ್‌ಗುಪ್ತ ತೀರಿಕೊಂಡರು. ಅಷ್ಟರಲ್ಲಿ ರಾಜ್ಯಸಭೆಯ ಸದಸ್ಯರಾಗಿಯೂ ದುಡಿದಿದ್ದರು.

ಇಪ್ಪತ್ತು ರೂಪಾಯಿಯ ಆ ಅಂಕಿಯ ಬಗ್ಗೆ ವಿದ್ವಾಂಸರು ಜಗಳವಾಡಿದರು. ಬಡವರ ಜೊತೆ ಅಂಚಿನಲ್ಲಿರುವವರನ್ನೂ ಸೇರಿಸಿ ಎಣಿಸಿದ್ದು ಸರಿಯೇ, ಬಡತನದ ಗೆರೆಯನ್ನು ಅಷ್ಟು ಮೇಲೆ ಎಳೆಯಬೇಕಿತ್ತೇ ಎಂದು ಕೇಳಿದರು. ಕೇಳಲಿ, ವಿದ್ಯೆ ಬೆಳೆಯುವುದೇ ಹಾಗೆ. ಒಂದು ಜ್ವರ ಬಂದರೆ, ಒಂದು ಮಳೆ ತಪ್ಪಿದರೆ ಗೆರೆಯ ಮೇಲಿದ್ದ ಮನೆ ಗೆರೆಯ ಕೆಳಗೆ ಜಾರುತ್ತದೆ ಎಂದು ಕಂಡವರಿಗೆ ಆ ಎಣಿಕೆಯ ನ್ಯಾಯ ತಾನೇ ಅರ್ಥವಾಗುತ್ತದೆ. ನನ್ನ ತೀರ್ಪು ಸೇನ್‌ಗುಪ್ತರ ಕಡೆಗಿದೆ. 2020ರ ಬೇಸಿಗೆಯಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಗಂಟುಮೂಟೆ ಹೊತ್ತು ಹೆದ್ದಾರಿಯುದ್ದ ಊರಿಗೆ ನಡೆದವರು ಯಾರು? ಅವರು ಎಷ್ಟು ಜನರೆಂದು ಆ ದಿನ ಯಾವ ಕಚೇರಿಯ ಬಳಿ ಸರಿಯಾದ ಲೆಕ್ಕವಿತ್ತು? 2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರ ಇ–ಶ್ರಮ ನೋಂದಣಿ ಶುರುವಾಯಿತು. ಎಣಿಸಿರೆಂದು ಸೇನ್‌ಗುಪ್ತರು ಕೂಗಿ ಹೇಳಿ ಆಗ ಹದಿನಾಲ್ಕು ವರ್ಷವಾಗಿತ್ತು.

ಹಾಗೆಂದು ನಿರಾಶರಾಗಬೇಡಿ. ಕೇಳಿದವರಿಗೆ ಸಿಗುತ್ತದೆ. ಊಟದ ಪೊಟ್ಟಣ ಬೆನ್ನಿಗೆ ಕಟ್ಟಿಕೊಂಡು ಟ್ರಾಫಿಕ್ಕಿನಲ್ಲಿ ನುಗ್ಗುವ ನಮ್ಮ ಹುಡುಗರಿಗಾಗಿ 2025ರಲ್ಲಿ ಕರ್ನಾಟಕ ಪ್ರತ್ಯೇಕ ಕಾನೂನನ್ನೇ ತಂದಿತು. ಆ್ಯಪ್ ಕಂಪನಿಗಳು ಪ್ರತಿ ವಹಿವಾಟಿನಲ್ಲೂ ಒಂದಿಷ್ಟು ಪಾಲನ್ನು ಕಲ್ಯಾಣ ನಿಧಿಗೆ ಕಟ್ಟಬೇಕು ಎನ್ನುತ್ತದೆ ಅದು. ಈ ಹುಡುಗರು ನೌಕರರಲ್ಲ, ಪಾಲುದಾರರು ಎಂದು ಕಂಪನಿಗಳು ಹೇಳುತ್ತ ಬಂದಿದ್ದವು. ಸಂಘಟನೆಗಳು ಕೇಳಿದವು, ಸಂಶೋಧಕರು ದುಡಿಮೆಯ ಗಂಟೆ, ಪೆಟ್ರೋಲ್ ಖರ್ಚು, ಕೈಗೆ ಉಳಿಯುವ ದುಡ್ಡು ಎಲ್ಲವನ್ನೂ ಲೆಕ್ಕ ಹಾಕಿ ಮುಂದಿಟ್ಟರು. ಆ ಕಾನೂನು ನಿಜಕ್ಕೂ ಜಾರಿಯಾಗುತ್ತಿದೆಯೇ ಎಂದು ಕಾಯುವವರು ಯಾರು? ಮತ್ತೆ ನಾವೇ.

ಈ ಕೆಲಸಕ್ಕೆ ಬೇಕಾದ ಸಲಕರಣೆಗಳು ಹಿಂದೆಂದಿಗಿಂತ ಹೆಚ್ಚಾಗಿ ಇಂದು ನಮ್ಮ ಹತ್ತಿರ ಇವೆ. ಸೇನ್‌ಗುಪ್ತರ ಆಯೋಗಕ್ಕೆ ಸರ್ಕಾರದ ಬೆಂಬಲವಿತ್ತು. ನಿಮಗೆ ಒಂದು ಕಂಪ್ಯೂಟರ್ ಸಾಕು. 2017ರಿಂದ ನಡೆಯುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಮೂಲ ದತ್ತಾಂಶವನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಕರ್ನಾಟಕದಲ್ಲಿ ಎಷ್ಟು ಹೆಂಗಸರು ಮನೆಯಲ್ಲೇ ದುಡಿಯುತ್ತಿದ್ದಾರೆ, ಎಷ್ಟು ಜನರಿಗೆ ಕರಾರುಪತ್ರವಿಲ್ಲ, ನೀವೇ ಲೆಕ್ಕ ತೆಗೆಯಬಹುದು. ಉಚಿತವಾಗಿ ಸಿಗುವ ತಂತ್ರಾಂಶಗಳಿವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2018ರಿಂದ ದೇಶದ ದುಡಿಮೆಯ ಸ್ಥಿತಿಗತಿ ಕುರಿತು ವರದಿಗಳನ್ನು ತರುತ್ತಿದೆ. ಒಂದನ್ನಾದರೂ ಓದಿ, ಲೆಕ್ಕ ಹೇಗೆ ಕಥೆಯಾಗುತ್ತದೆ ನೋಡಿ. ಅದೇ ಬೆಂಗಳೂರಿನ ನಾಗರಭಾವಿಯಲ್ಲಿ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಇದೆ. 1972ರಲ್ಲಿ ಅದನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರೇ ಸೇನ್‌ಗುಪ್ತರು ಪಾಠ ಹೇಳಿದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸ್ಥಾಪಕರು, ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು, ಬ್ರಿಟಿಷರ ಕಾಲದಲ್ಲೇ ಭಾರತದ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿದ ಧೀಮಂತರು. ಈ ಪರಂಪರೆ ನಮ್ಮ ಬಾಗಿಲಿನಲ್ಲೇ ಇದೆ. ಒಳಗೆ ಹೋಗಲು ಏಕೆ ಹಿಂಜರಿಯುತ್ತೀರಿ?

ಗಣಿತವೆಂದರೆ ಭಯವೇ? ಸಂಖ್ಯಾಶಾಸ್ತ್ರ ಕಷ್ಟವೇ? ಕಷ್ಟವೇ ಸರಿ. ಕಲಿಯಿರಿ. ಸಾವಿರಕ್ಕೆ ಇಷ್ಟು ಎಂಬ ಮಜೂರಿಯ ಲೆಕ್ಕವನ್ನು ನಿಮ್ಮಮ್ಮ ಬೆರಳ ಗಣ್ಣಿನಲ್ಲೇ ಮಾಡಿ ಮುಗಿಸುತ್ತಾರೆ, ಅವರ ಮಕ್ಕಳಿಗೆ ಇದು ಬಾರದೇ? ಇಂಗ್ಲಿಷ್ ಬರುವುದಿಲ್ಲವೆಂದು ಅಂಜಿಕೆಯೇ? ಅದನ್ನೂ ಕಲಿಯಿರಿ, ಅದೊಂದು ಸಲಕರಣೆ. ಆದರೆ ಪ್ರಶ್ನೆ ಕೇಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ. ಅಲ್ಲಿ ನಿಮ್ಮನ್ನು ಮೀರಿಸುವವರಿಲ್ಲ.

ಇದರಲ್ಲಿ ದುಡ್ಡಿಲ್ಲ, ಕೆಲಸ ಸಿಗುವುದಿಲ್ಲ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಕೇಂದ್ರ ಲೋಕಸೇವಾ ಆಯೋಗ ಭಾರತೀಯ ಆರ್ಥಿಕ ಸೇವೆಗೂ ಭಾರತೀಯ ಸಾಂಖ್ಯಿಕ ಸೇವೆಗೂ ಪರೀಕ್ಷೆ ನಡೆಸುತ್ತದೆ. ದೇಶ ತನ್ನ ಜನರ ಬಗ್ಗೆ ಏನನ್ನು ಕೇಳಬೇಕು, ಏನನ್ನು ಎಣಿಸಬೇಕು ಎಂದು ನಿರ್ಧರಿಸುವ ಮೇಜುಗಳು ಅವು. ಐಎಎಸ್ ಕನಸು ಕಾಣುವ ನಮ್ಮ ಸಾವಿರಾರು ಮಕ್ಕಳಲ್ಲಿ ಈ ಎರಡು ಸೇವೆಗಳ ಹೆಸರು ಎಷ್ಟು ಜನರಿಗೆ ಗೊತ್ತು? ಪ್ರಶ್ನಾವಳಿ ಬರೆಯುವ ಆ ಮೇಜಿನ ಸುತ್ತ ಸಿಂಧನೂರಿನ ಒಬ್ಬ ಹುಡುಗಿ ಇದ್ದಿದ್ದರೆ, ಗುಳೆ ಹೋದ ಕುಟುಂಬವನ್ನು ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಎಣಿಸಬೇಕೆಂದು ಆಕೆ ಹೇಳುತ್ತಿದ್ದಳು. ಬಂಟ್ವಾಳದ ಒಬ್ಬ ಹುಡುಗ ಇದ್ದಿದ್ದರೆ, ‘ನಾನೇನೂ ಕೆಲಸ ಮಾಡುವುದಿಲ್ಲ, ಮನೆಯಲ್ಲೇ ಇರುತ್ತೇನೆ’ ಎನ್ನುವ ತಾಯಿಯ ಮಡಿಲಿನಲ್ಲಿರುವ ಮೊರವನ್ನು ಮೊದಲು ನೋಡಿ ಎಂದು ಹೇಳುತ್ತಿದ್ದ.

ಆದ್ದರಿಂದ ಗೆಳೆಯರೇ, ಇಂದೇ ಶುರುಮಾಡಿ. ನಾಲ್ಕು ಜನ ಸೇರಿ. ನಿಮ್ಮ ಊರಿನ ಒಂದೇ ಒಂದು ಕಸುಬನ್ನು ಆರಿಸಿಕೊಳ್ಳಿ. ರೊಟ್ಟಿ ಬಡಿಯುವವರಾಗಲಿ, ಹಮಾಲರಾಗಲಿ, ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರಾಗಲಿ. ದಿನಕ್ಕೆ ಎಷ್ಟು ಗಂಟೆ, ಎಷ್ಟು ಕೂಲಿ, ಎಷ್ಟು ಖರ್ಚು, ಎಷ್ಟು ಸಾಲ, ಕಾಯಿಲೆ ಬಿದ್ದಾಗ ಯಾರ ನೆರವು, ಎಲ್ಲವನ್ನೂ ಅವರ ಒಪ್ಪಿಗೆ ಪಡೆದು, ಹೆಸರು ಬಯಲು ಮಾಡದೆ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಂದು ವಾರದಲ್ಲಿ ಬಿಡಬೇಡಿ, ಸುಗ್ಗಿಯಲ್ಲೂ ಕೇಳಿ, ಮಳೆಗಾಲದಲ್ಲೂ ಕೇಳಿ. ಕೂಡಿಸಿ, ಭಾಗಿಸಿ, ಪಟ್ಟಿ ಮಾಡಿ, ಕನ್ನಡದಲ್ಲಿ ಬರೆಯಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ ಹೇಳಿ. ತಹಶೀಲ್ದಾರರಿಗೆ ಕೊಡಿ, ಕಾರ್ಮಿಕ ಇಲಾಖೆಗೆ ಕೊಡಿ, ಪತ್ರಿಕೆಗೆ ಕಳಿಸಿ. ಆ ವರದಿಯ ಮೊದಲ ಪ್ರತಿಯನ್ನು ಮಾತ್ರ ಯಾರು ಉತ್ತರ ಹೇಳಿದರೋ ಅವರ ಕೈಗೇ ಕೊಟ್ಟು, ಓದಲು ಬಾರದಿದ್ದರೆ ಓದಿ ಹೇಳಿ, ತಪ್ಪಿದ್ದರೆ ಅವರಿಂದಲೇ ತಿದ್ದಿಸಿಕೊಂಡು ಬನ್ನಿ.